ಕೆಂಪು ಅಂದರೆ ಬಲ

ಲೋ ಗುಂಡ,

ನಿನಗೆ ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಸಲ ಎಲ್ಲರ ಎದುರಿಗೆ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನಿನಗೆ ಉತ್ತರ ಕೊಡುವ ಹುರುಪು ಬರುತ್ತದೆ, ನನಗೆ ಗೊತ್ತಿಲ್ವಾ. ಮೊದಲೇ ಹೇಳಿಬಿಡುತ್ತೇನೆ, ಹೌದು, ಸ್ಪೀಕರ್ ಬಿಚ್ಚಿ ಜೋಡಿಸಿದ ಮೇಲೆ ಮತ್ತೆ ಒಂದು ಸ್ಕ್ರೂ ಉಳಿಯಿತು. ನಗಬೇಡ. ಗಡಿಯಾರದ ವಿಷಯ ಎತ್ತಲೂ ಬೇಡ.

ವಿಷಯ ಏನಪ್ಪಾ ಅಂದರೆ, ಹಳೇ ಸ್ಟೀರಿಯೋ ಸ್ಪೀಕರ್ ಒಂದು ಜೊತೆ ತಂದಿದ್ದೇನೆ. ಸೆಕೆಂಡ್ ಹ್ಯಾಂಡ್. ಮೊಣಕಾಲೆತ್ತರದ ಎರಡು ಮರದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ. ಹೆಸರಿನ ಪಟ್ಟಿ ಇದ್ದ ಜಾಗದಲ್ಲಿ ಒಣಗಿದ ಅಂಟಿನ ಎರಡು ಚುಕ್ಕೆ ಅಷ್ಟೇ. ಹಿಂದಿನ ಲೇಬಲ್ಲಿನಲ್ಲಿ ಓದಲು ಸಿಕ್ಕಿದ್ದು '8 ಓಮ್ಸ್' (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅನ್ನುವುದೊಂದೇ. ಯಾವ ಕಂಪನಿಯದು ಅಂತ ಮಾರಿದವರಿಗೂ ಗೊತ್ತಿರಲಿಲ್ಲ. "ಸೌಂಡ್ ಬರುತ್ತೆ" ಅಂದರು. ನನಗೆ ಅಷ್ಟು ಸಾಕಾಯಿತು.

ಇದರ ಕುಲಗೋತ್ರ ಪತ್ತೆ ಮಾಡುವುದರಲ್ಲೇ ಒಂದು ಭಾನುವಾರ ಹೋಯಿತು. ಮುಂದಿನ ಬಟ್ಟೆ ಚೌಕಟ್ಟು ಎಳೆದರೆ ಕಿತ್ತು ಬಂತು. ವೂಫರ್ ಅಂದರೆ ತಗ್ಗು ಸ್ವರದ ದೊಡ್ಡ ಸ್ಪೀಕರ್, ಅದರ ಸುತ್ತ ಎಂಟು ಸ್ಕ್ರೂ. ಬಿಚ್ಚಿ ಮೆಲ್ಲಗೆ ಎತ್ತಿದೆ. ಒಳಗೆಲ್ಲ ಹಾಸಿಗೆಯ ಹತ್ತಿಯಂಥದ್ದನ್ನು ತುರುಕಿದ್ದಾರೆ. ಹಳೇ ಬೀರು ತೆಗೆದಾಗ ಬರುವ ವಾಸನೆ. ವೂಫರ್ ಮಗುಚಿ ಅಂಚಿನ ಧೂಳು ಒರೆಸಿದರೆ ಏಳು ಅಂಕೆ ಕಂಡವು. 2207435. ನನಗೆ ಫೋನ್ ನಂಬರ್ ಅನ್ನಿಸಿತು.

ಅದು ಜಾತಕ ಕಣೋ. ಅಮೆರಿಕದಲ್ಲಿ ತಯಾರಾದ ಹಳೇ ಸ್ಪೀಕರ್‌ಗಳಲ್ಲಿ ಹೀಗೊಂದು ನಂಬರ್ ಒತ್ತಿರುತ್ತಿದ್ದರು. ಮೊದಲ ಮೂರು ಅಂಕೆ ಮಾಡಿದವರ ಗುರುತು. 220 ಅಂದರೆ ಜೆನ್ಸನ್, 137 ಆಗಿದ್ದರೆ ಸಿಟಿಎಸ್, 328 ಆಗಿದ್ದರೆ ಯೂಟಾ. ಆಮೇಲಿನ ಎರಡು ವರ್ಷ, ಕೊನೆಯ ಎರಡು ವಾರ. ಅಂದರೆ ನನ್ನ ವೂಫರ್ ಹುಟ್ಟಿದ್ದು 1974ರ 35ನೇ ವಾರ, ಆಗಸ್ಟ್ ಕೊನೆ. ವರ್ಷಕ್ಕೆ ಒಂದೇ ಅಂಕೆ ಒತ್ತಿದ್ದರೆ ಮಾತ್ರ ಯಾವ ದಶಕ ಅಂತ ನಾವೇ ಲೆಕ್ಕ ಹಾಕಬೇಕು. ಇಷ್ಟಾಗಿಯೂ ಪೆಟ್ಟಿಗೆ ಯಾರದು ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ. ಒಬ್ಬರು ಮಾಡಿದ ವೂಫರನ್ನು ಇನ್ನೊಬ್ಬರು ಕೊಂಡು ತಮ್ಮ ಪೆಟ್ಟಿಗೆಯಲ್ಲಿ ಕೂರಿಸಿ ಮಾರುವುದು ಆಗ ಮಾಮೂಲಿ. ಎರಡನೇ ಪೆಟ್ಟಿಗೆ ಬಿಚ್ಚಿದೆ. 2207437. ಜೋಡಿ ಅಂದುಕೊಂಡಿದ್ದೆ, ಒಂದು ಎರಡು ವಾರ ದೊಡ್ಡದು. ಎರಡು ವಾರ ದೊಡ್ಡವನು ಅಂತ ಜೀವಮಾನವಿಡೀ ಬುದ್ಧಿ ಹೇಳುವವರು ಯಾರು ಅಂತ ಇಲ್ಲಿ ಬರೆಯುವುದಿಲ್ಲ.

ವೂಫರಿನಲ್ಲಿ ಅದುರುವ ಕೋನ್ ಸುತ್ತಲಿನ ಅಂಚು ಬಟ್ಟೆಯದು, ಪುಣ್ಯ. ಫೋಮ್ ಅಂಚು ಆಗಿದ್ದರೆ ಇಷ್ಟು ವರ್ಷಕ್ಕೆ ಕರಗಿ, ಬೆರಳಿಗೆ ಕಪ್ಪು ಜಿಗುಟು ಪುಡಿ ಹತ್ತುತ್ತಿತ್ತಂತೆ. ಆಮೇಲೆ ಮಲ್ಟಿಮೀಟರ್ ಹಿಡಿದೆ. 8 ಓಮ್ಸ್ ಅಂತ ಬರೆದಿದೆ, ಮೀಟರ್ 6.2 ತೋರಿಸುತ್ತಿದೆ. ಎದೆ ಧಸಕ್ ಅಂತು. ಇನ್ನೊಂದು 6.3. ಅದು ಸರಿಯೇ ಅಂತ ಓದಿದ ಮೇಲೆ ಜೀವ ಬಂತು. ಮೀಟರ್ ಅಳೆಯುವುದು ತಂತಿ ಸುರುಳಿಯ ಡಿಸಿ ತಡೆಯನ್ನು, ಅಂದರೆ ಒಂದೇ ದಿಕ್ಕಿನ ಕರೆಂಟಿಗೆ ಇರುವ ತಡೆಯನ್ನು ಮಾತ್ರ. ಹಾಡು ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಅದಕ್ಕೆ ಸಿಗುವ ತಡೆ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, 8 ಅನ್ನುವುದು ಒಂದು ಒಟ್ಟಂದಾಜು. ಮೀಟರ್ ಐದೂವರೆಯಿಂದ ಏಳರ ಒಳಗೆ ತೋರಿಸಿದರೆ 8 ಓಮ್ಸ್ ಸ್ಪೀಕರ್, ಮೂರು ಚಿಲ್ಲರೆ ತೋರಿಸಿದರೆ 4 ಓಮ್ಸ್ ಅಂದುಕೊಳ್ಳಬಹುದು. ಇದು ಗೊತ್ತಾಗದೆ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಸಿಗಿಸಬಾರದು. 4 ಓಮ್ಸ್‌ನ ಎರಡನ್ನು ಒಂದೇ ಚಾನೆಲ್‌ಗೆ (ಎಡ ಅಥವಾ ಬಲದ ಒಂದು ಹಾದಿಗೆ) ಪ್ಯಾರಲಲ್, ಅಂದರೆ ಅಕ್ಕಪಕ್ಕ, ಕೊಟ್ಟರೆ 2 ಓಮ್ಸ್ ಆಗಿ ಆಂಪ್ ಬೆವರುತ್ತದೆ.

ಈಗ ನನ್ನ ಪೆದ್ದುತನದ ಅಧ್ಯಾಯ. ಸಿಡಿ ಪ್ಲೇಯರ್‌ನಿಂದ ಆಂಪ್‌ಗೆ ಬರುವ ಕೇಬಲ್ಲಿನಲ್ಲಿ ಎರಡು ಪಿನ್ ಇರುತ್ತವಲ್ಲ, ಕೆಂಪು ಅಂದರೆ ಬಲ, ಬಿಳಿ ಅಂದರೆ ಎಡ. ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದೇ ಗುಂಗಿನಲ್ಲಿ ಆಂಪ್ ಹಿಂದೆ ಹೋದೆ. ಅಲ್ಲಿ ಒತ್ತಿದರೆ ಬಾಯಿ ಬಿಡುವ ನಾಲ್ಕು ಕ್ಲಿಪ್. ಎರಡು ಕೆಂಪು, ಎರಡು ಕಪ್ಪು. ಕೆಂಪು ಅಂದರೆ ಬಲ ಅಲ್ವಾ? ಎರಡೂ ಕೆಂಪನ್ನು ಬಲಗಡೆ ಪೆಟ್ಟಿಗೆಗೆ ಕೊಟ್ಟೆ. ಎರಡೂ ಕಪ್ಪನ್ನು ಎಡಗಡೆಯದಕ್ಕೆ.

ಎಡ ಪೆಟ್ಟಿಗೆ ಉಸಿರೆತ್ತಲಿಲ್ಲ. ಬಲಗಡೆಯದರಲ್ಲಿ ಹಾಡು ಬಂತು, ಆದರೆ ಹಾಡುವವಳೇ ಇಲ್ಲ! ಪಿಟೀಲು ಇದೆ, ಎಲ್ಲೋ ಬಾವಿಯೊಳಗಿಂದ ಬಂದಂಥ ಗುಂಯ್ ಇದೆ, ಗಾಯಕಿ ಮಾತ್ರ ಕಾಣೆ. ದೆವ್ವ ಹಿಡಿದ ಸ್ಪೀಕರ್ ಅಂತ ಅರ್ಧ ಗಂಟೆ ನಂಬಿದ್ದೆ. ನಿಜ ಏನೆಂದರೆ, ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಚಾನೆಲ್‌ನಲ್ಲಿ ಸಮಸಮ ಇಟ್ಟಿರುತ್ತಾರೆ. ಎರಡು ಕೆಂಪಿನ ನಡುವೆ ಒಂದು ಸ್ಪೀಕರ್ ಸಿಗಿಸಿದರೆ ಅದಕ್ಕೆ ಸಿಗುವುದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ. ಸಮ ಇದ್ದದ್ದು ಸಮಕ್ಕೆ ಕಳೆದು ಸೊನ್ನೆ. ಸ್ಪೀಕರ್ ಕಡೆ ಕೆಂಪು ಅಂದರೆ ಬಲ ಅಲ್ಲ, ಪ್ಲಸ್. ಆಂಪ್ ಸುಡಲಿಲ್ಲ ಅನ್ನುವುದು ಅದರ ದೊಡ್ಡತನ.

ಆಮೇಲೆ ಶಿಸ್ತಾಗಿ ಮಾಡಿದೆ. ಆಂಪ್ ಆಫ್, ವಾಲ್ಯೂಮ್ ಸೊನ್ನೆ. ವೈರ್ ತುದಿ ಸುಲಿದು ತಾಮ್ರದ ಎಳೆಗಳನ್ನು ಬತ್ತಿ ಹೊಸೆದ ಹಾಗೆ ಹೊಸೆದೆ. ಒಂದೇ ಒಂದು ಎಳೆ ಪಕ್ಕದ ಕ್ಲಿಪ್‌ಗೆ ತಾಗಿದರೂ ಶಾರ್ಟ್ ಆಗಿ ಆಂಪ್‌ನ ಟ್ರಾನ್ಸಿಸ್ಟರ್ ಹೋಗಬಹುದು. ಪೆಟ್ಟಿಗೆ ಹಿಂದೆ ಪ್ಲಸ್ ಮೈನಸ್ ಗುರುತು ಅಳಿಸಿಹೋಗಿತ್ತು. ಅದಕ್ಕೊಂದು ಉಪಾಯ ಇದೆ ನೋಡು. ಒಂದೂವರೆ ವೋಲ್ಟಿನ ಸೆಲ್ ತಗೊಂಡು ಎರಡು ವೈರಿಗೂ ಒಂದು ಕ್ಷಣ ಮುಟ್ಟಿಸಬೇಕು. ಟಪ್ ಅನ್ನುತ್ತೆ. ವೂಫರ್ ಕೋನ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡೆಯೇ ಪ್ಲಸ್, ಒಳಗೆ ಹೋದರೆ ತಿರುವುಮುರುವು. ಕೆಲವು ಹಳೇ ಸ್ಪೀಕರ್‌ಗಳಲ್ಲಿ ಬೇಕಂತಲೇ ಉಲ್ಟಾ ಇರುವುದೂ ಉಂಟು. ಆದರೆ ಎರಡೂ ಪೆಟ್ಟಿಗೆ ಒಂದೇ ಥರ ಇದ್ದರೆ ಸಾಕು. ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದರೆ ಬೇಸ್, ಅಂದರೆ ತಗ್ಗು ಸ್ವರ, ಬಹುಪಾಲು ಸತ್ತುಹೋಗುತ್ತದೆ. ಆ ಕೋನ್ ಮಿಸುಕಿದ್ದನ್ನು ನೀನು ನೋಡಬೇಕಿತ್ತು. ಐವತ್ತು ವರ್ಷದ ಮುದುಕ ನಿದ್ದೆಯಲ್ಲಿ ಒಂದು ಸಲ ಉಸಿರು ತೆಗೆದ ಹಾಗೆ. ಸುಮ್ನೆ ಹತ್ತು ಸಲ ಟಪ್ ಅನ್ನಿಸಿದೆ.

ಎಲ್ಲ ಸರಿಯಾಯಿತು. ಎರಡೂ ಕಡೆಗೆ ಒಂದೇ ಸದ್ದು ಕಳಿಸುವ ಮೋನೋ ಬಟನ್ ಒತ್ತಿದೆ. ಆಗ ದನಿ ಎರಡು ಪೆಟ್ಟಿಗೆಯ ನಟ್ಟನಡುವೆ ನಿಲ್ಲಬೇಕು. ನನ್ನ ಗಾಯಕಿ ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದಳು. ಬಲಗಡೆ ಪೆಟ್ಟಿಗೆ ಮಂಕು. ತಾಳದ ಚಿನ್ ಅನ್ನುವ ಸದ್ದು ಅಲ್ಲಿ ಇಲ್ಲವೇ ಇಲ್ಲ.

ಟ್ವೀಟರ್, ಅಂದರೆ ಏರು ಸ್ವರದ ಪುಟ್ಟ ಸ್ಪೀಕರ್, ಹೋಗಿದೆ ಅಂದುಕೊಂಡೆ. ಬಗ್ಗಿ ಅದಕ್ಕೆ ಕಿವಿ ಕೊಟ್ಟೆ, ಚೆನ್ನಾಗೇ ಉಲಿಯುತ್ತಿದೆ. ಎದ್ದು ಬಂದು ಕೂತರೆ ಮತ್ತೆ ಮಂಕು. ಇದಕ್ಕೆ ಬಲ್ಲವರು ಹೇಳುವ ದಾರಿ ಸುಲಭ. ಎಡಬಲ ಅದಲುಬದಲು ಮಾಡುತ್ತಾ ಹೋಗು. ಪೆಟ್ಟಿಗೆ ಬದಲಿಸಿದಾಗ ದೋಷ ಅದರ ಜೊತೆ ಹೋದರೆ ಪೆಟ್ಟಿಗೆಯದು. ವೈರ್ ಬದಲಿಸಿದಾಗ ಹೋದರೆ ಆಂಪ್‌ನದೋ ವೈರಿನದೋ. ಕೆಂಪು ಬಿಳಿ ಪಿನ್ ಬದಲಿಸಿದೆ. ವೈರ್ ಬದಲಿಸಿದೆ. ಸೊಂಟ ಹಿಡಿದುಕೊಂಡು ಪೆಟ್ಟಿಗೆಗಳನ್ನೇ ಅತ್ತಿಂದಿತ್ತ ಹೊತ್ತೆ. ಏನು ಮಾಡಿದರೂ ಬಲಗಡೆಯೇ ಮಂಕು. ಬಲಗಡೆಯ ಪರದೆ ಸದ್ದು ನುಂಗುತ್ತಿದೆ ಅಂತ ಅದನ್ನೂ ಬಿಚ್ಚಿ ಹಾಕಿದೆ.

ಬೇಸತ್ತು ಕುರ್ಚಿ ತಿರುಗಿಸಿ ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕೂತೆ. ಮುನಿಸಿಕೊಂಡು. ಹಾಡು ನಡೆಯುತ್ತಲೇ ಇತ್ತು.

ಈಗ ಇನ್ನೊಂದು ಪೆಟ್ಟಿಗೆ ಮಂಕಾಗಿತ್ತು.

ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಟ್ವೀಟರ್‌ಗೆ ಕೊಟ್ಟಿದ್ದು ಎಡಗಿವಿ ಅಂತ ಆಗ ನೆನಪಾಯಿತು. ಯಾವಾಗಲೂ ಎಡಗಿವಿಯನ್ನೇ ಕೊಡುತ್ತೇನೆ.

ಸ್ಟೀರಿಯೋಗೆ ಮೊದಲು ಪೇಟೆಂಟ್ ಅರ್ಜಿ ಹಾಕಿದವರಲ್ಲಿ ಬ್ಲೂಮ್ಲೈನ್ ಅಂತ ಇಂಗ್ಲೆಂಡಿನ ಇಂಜಿನಿಯರ್ ಒಬ್ಬರಿದ್ದರು. 1931ರಲ್ಲಿ. ಅವರು ಸ್ಟೀರಿಯೋ ಅನ್ನುತ್ತಿರಲಿಲ್ಲ, ಬೈನಾರಲ್ ಅನ್ನುತ್ತಿದ್ದರು. ಅಂದರೆ ಎರಡು ಕಿವಿಯದು. ಇಷ್ಟೆಲ್ಲ ವೈರು, ಪ್ಲಸ್ಸು, ಮೈನಸ್ಸು ಸರಿಮಾಡಿ, ಕೊನೆಗೆ ಕೇಳುವವನ ಹತ್ತಿರ ಎರಡು ಕಿವಿ ಇದೆಯಾ ಅಂತ ನಾನು ನೋಡಿಯೇ ಇರಲಿಲ್ಲ.

ಡಾಕ್ಟರ್ ಹತ್ತಿರ ಹೋಗಿ ಬಂದೆ. ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, ಕೀ ಅಂದಾಗೆಲ್ಲ ಬಟನ್ ಒತ್ತು ಅನ್ನುತ್ತಾರೆ. ಆಮೇಲೆ ಒಂದು ಗ್ರಾಫ್ ಕೊಡುತ್ತಾರೆ. ಎಡಗಿವಿಗೆ ನೀಲಿ ಕತ್ತರಿ ಗುರುತು, ಬಲಗಿವಿಗೆ ಕೆಂಪು ಸೊನ್ನೆ. ಇಲ್ಲೂ ಕೆಂಪು ಅಂದರೆ ಬಲವೇ! ನೀಲಿ ಹೆಚ್ಚೂಕಡಿಮೆ ನೆಟ್ಟಗೆ ಹೋಗಿದೆ. ಕೆಂಪು 2000 ಹರ್ಟ್ಸ್‌ವರೆಗೆ ಜೊತೆಗೇ ನಡೆದು, 4000ದ ಹತ್ತಿರ ಕಾಲು ಜಾರಿ ಬಿದ್ದಿದೆ. ತಾಳದ ಚಿನ್ ಅಲ್ಲೇ ಇರುವುದು. ಸ, ಶ, ಫ ಅನ್ನುವ ಅಕ್ಷರಗಳೂ ಮೇಲಿನ ಸದ್ದಿನವೇ. ಅಂದರೆ ಮಾತು ಕೇಳಿಸುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ.

ಇದು ಈಗ ಆದದ್ದಲ್ಲ ಗುಂಡ. ಎರಡು ವರ್ಷದಿಂದ ಒಳಗೊಳಗೇ ಗೊತ್ತಿತ್ತು. ಫೋನ್ ಎಡಗಿವಿಗೆ ಹೋದದ್ದು ಅಭ್ಯಾಸ ಅಂದುಕೊಂಡೆ. ಎರಡು ಹೆಡ್‌ಫೋನ್ ಬಲಗಡೆ ಕೆಟ್ಟಿದೆ ಅಂತ ಎಸೆದೆ. ಗುಂಪಿನಲ್ಲಿ ಬಲಗಡೆಯವರು ಏನಾದರೂ ಅಂದರೆ ಮುಖ ನೋಡಿ, ಅವರು ನಕ್ಕರೆ ನಕ್ಕು, ಇಲ್ಲದಿದ್ದರೆ 'ಹೌದೌದು' ಅನ್ನುತ್ತೇನೆ. ಅದರಲ್ಲಿ ನಾನೀಗ ಪಳಗಿದವನು.

ಹೋದ ಸಲ ಸಿಕ್ಕಾಗ ಮೆಟ್ಟಿಲ ಮೇಲೆ ಕೂತಿದ್ದೆವಲ್ಲ. ನೀನು ನನ್ನ ಬಲಗಡೆ. ಕತ್ತಲಾಗಿತ್ತು, ನಿನ್ನ ಮುಖ ಕಾಣುತ್ತಿರಲಿಲ್ಲ. ದನಿ ತಗ್ಗಿಸಿ ಏನೋ ಹೇಳಿದೆ. ಉದ್ದದ ಮಾತು. ನಾನು "ಒಳ್ಳೇದೇ ಆಯ್ತು ಬಿಡು" ಅಂದೆ. ನೀನು ಆಮೇಲೆ ಮಾತಾಡಲಿಲ್ಲ. ಸುಸ್ತಾಗಿದೆ ಅಂದುಕೊಂಡೆ. ಇಲ್ಲ, ಹಾಗೆ ಅಂದುಕೊಳ್ಳಲಿಲ್ಲ. ಏನೋ ತಪ್ಪಾಯಿತು ಅಂತ ಆಗಲೇ ಗೊತ್ತಾಯಿತು. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಅನ್ನಲು ಬಾಯಿ ಬರಲಿಲ್ಲ. ನೀನು ಏನು ಹೇಳಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದೇ ಕಿವಿ ಆದ್ದರಿಂದ ಒಂದು ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಮುಂದಿನ ವಾರ. ಸುಮ್ನೆ ನೋಡಿಬಿಡೋಣ ಅಂತ ಅಷ್ಟೇ ಅಂದರು. ಆ ಮಾತು ಮಾತ್ರ ಎರಡೂ ಕಿವಿಗೆ ಸರಿಯಾಗಿ ಕೇಳಿಸಿತು.

ಛೆ, ಸ್ಪೀಕರ್ ಬಗ್ಗೆ ಬರೆಯಲು ಕೂತವನು ಎಲ್ಲಿಗೆ ಬಂದೆ ನೋಡು. ಓದುತ್ತಿರುವ ಉಳಿದವರು ಇದನ್ನು ಮರೆತು ಸೆಲ್ಲಿನ ಉಪಾಯ ಒಂದನ್ನು ನೆನಪಿಟ್ಟುಕೊಳ್ಳಿ, ಅದು ಕೆಲಸಕ್ಕೆ ಬರುತ್ತೆ. ಪೆಟ್ಟಿಗೆಗಳಂತೂ ನಿರ್ದೋಷಿಗಳು. ಅವುಗಳಿಗೆ ಕ್ಷಮೆ ಕೇಳಿ ಧೂಳು ಒರೆಸಿದ್ದೇನೆ. ಬ್ಯಾಲೆನ್ಸ್ ನಾಬ್ ಸ್ವಲ್ಪ ಬಲಕ್ಕೆ ತಿರುಗಿಸಿದ ಮೇಲೆ ಗಾಯಕಿ ನಡುವಿಗೆ ಬಂದಳು, ಪೂರ್ತಿ ಅಲ್ಲ, ಅರ್ಧ ಹೆಜ್ಜೆ. ಬೇರೆ ಯಾರೇ ಬಂದು ಕೇಳಿದರೂ ಇದೇನು ಎಲ್ಲ ಬಲಕ್ಕೆ ವಾಲಿದೆ ಅಂತ ಬೈಯುತ್ತಾರೆ.

ನೀನು ಬಂದಾಗ ನಾಬ್ ನಡುವಿಗೆ ತರುತ್ತೇನೆ. ಎಡಗಡೆ ಕುರ್ಚಿ ನಿನ್ನದು. ಬಲಗಡೆಯದರ ಮೇಲೆ ಆ ಉಳಿದ ಸ್ಕ್ರೂ ಇಟ್ಟಿದ್ದೇನೆ, ಅಪ್ಪಿತಪ್ಪಿ ಕೂರಬೇಡ, ಚುಚ್ಚುತ್ತೆ. ಕೂತ ಮೇಲೆ ಮೆಟ್ಟಿಲ ಮೇಲಿನ ಆ ಮಾತನ್ನು ಇನ್ನೊಂದು ಸಲ ಹೇಳು. ಸ್ವಲ್ಪ ಜೋರಾಗಿ.

ನಿನ್ನ,
ಎರಡು ವಾರ ಚಿಕ್ಕವನು