ವಿಮಾನದ ಭದ್ರತೆ ನೆಲದ ಮೇಲೆಯೇ ಗಟ್ಟಿಯಾಗಲಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ವಿಮಾನಕ್ಕೆ ಬಾಂಬ್ ಬೆದರಿಕೆಯ ಕರೆ ಬಂದಾಗಲೆಲ್ಲ, ಪ್ರತಿಯೊಂದು ಪ್ರಯಾಣಿಕ ವಿಮಾನದಲ್ಲೂ ಬಂದೂಕು ಹಿಡಿದ ಕಾವಲುಗಾರರು ಇರಬೇಕೆಂಬ ಒತ್ತಾಯ ಕೇಳಿಬರುತ್ತದೆ. ಯರಮರಸ್‌ನಲ್ಲಿ ವಿಮಾನ ನಿಲ್ದಾಣವಾಗಬೇಕೆಂದು ಬಹುಕಾಲದಿಂದ ಬಯಸುತ್ತ ಬಂದಿರುವ ರಾಯಚೂರಿನವರಲ್ಲಿ ನಾನೂ ಒಬ್ಬ. ಆ ಒತ್ತಾಯದ ಹಿಂದಿರುವ ಆತಂಕ ನನಗೂ ಇದೆ, ಆದರೆ ಅದು ಸೂಚಿಸುವ ಪರಿಹಾರವನ್ನು ಒಪ್ಪಲಾರೆ.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನವನ್ನು ಅಪಹರಿಸಿ, ಅಮೃತಸರ, ಲಾಹೋರ್, ದುಬೈಗಳ ಮೂಲಕ ಕಂದಹಾರ್‌ಗೆ ಒಯ್ಯಲಾಯಿತು. ಒಬ್ಬ ಪ್ರಯಾಣಿಕರ ಕೊಲೆಯಾಗಿ, ಮೂವರು ಉಗ್ರರನ್ನು ಬಿಟ್ಟುಕೊಟ್ಟ ಮೇಲೆ, ಡಿಸೆಂಬರ್ 31ರಂದು ಉಳಿದವರ ಬಿಡುಗಡೆಯಾಯಿತು. ಅದರ ಬೆನ್ನಿಗೇ ಆಯ್ದ ಮಾರ್ಗಗಳ ವಿಮಾನಗಳಲ್ಲಿ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳು ಸ್ಕೈ ಮಾರ್ಷಲ್‌ಗಳಾಗಿ ಸಾದಾ ಉಡುಪಿನಲ್ಲಿ ಪ್ರಯಾಣಿಸತೊಡಗಿದರು. 2000ದಿಂದ ವಿಮಾನ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಮಾರ್ಷಲ್‌ಗಳ ವಿಷಯ ಜನರಿಗೆ ರೋಚಕವಾಗಿ ಕಂಡಿತು. ಆದರೆ ಅಪಹರಣಕಾರರು ಆಯುಧಗಳೊಂದಿಗೆ ವಿಮಾನ ಏರಿದ್ದು ಕಠ್ಮಂಡುವಿನ ತಪಾಸಣೆ ಸಡಿಲವಾಗಿದ್ದುದರಿಂದ ಎಂಬುದನ್ನು ನೆನೆದರೆ, ನಮ್ಮನ್ನು ಹೆಚ್ಚು ಕಾಯುತ್ತಿರುವುದು ನಿಲ್ದಾಣದ ಬಾಗಿಲಿನಲ್ಲಿ ನಿಂತಿರುವ ಪಡೆಯೇ ಎಂದು ನನಗನ್ನಿಸುತ್ತದೆ.

ಆಕಾಶದಲ್ಲಿ ಗುಂಡಿನ ಕಾಳಗ ನಡೆದರೆ ಏನಾಗುತ್ತದೆ ಎಂಬುದಕ್ಕೆ 1986ರ ಡಿಸೆಂಬರ್ 25ರಂದು ಬಾಗ್ದಾದ್‌ನಿಂದ ಅಮ್ಮಾನ್‌ಗೆ ಹೊರಟಿದ್ದ ಇರಾಕಿ ಏರ್‌ವೇಸ್ ವಿಮಾನವೇ ಸಾಕ್ಷಿ. ಅದರಲ್ಲಿ ಭದ್ರತಾ ಸಿಬ್ಬಂದಿ ಇದ್ದರು ಮತ್ತು ಅಪಹರಣಕಾರರನ್ನು ಎದುರಿಸಿದರು. ಸೆಣಸಾಟದ ನಡುವೆ ಗ್ರೆನೇಡ್ ಸಿಡಿದು, ಸೌದಿ ಅರೇಬಿಯಾದ ಅರಾರ್ ಬಳಿ ವಿಮಾನ ಪತನಗೊಂಡು 63 ಮಂದಿ ಸತ್ತರು. ಕಾವಲುಗಾರರ ಧೈರ್ಯದಲ್ಲಿ ಕೊರತೆಯಿರಲಿಲ್ಲ. ಗ್ರೆನೇಡ್ ಒಳಗೆ ಬಂದ ಮೇಲೆ ಅವರ ಕೈಯಲ್ಲಿ ಉಳಿದಿದ್ದು ಬಹಳ ಕಡಿಮೆ.

ಸಶಸ್ತ್ರ ಕಾವಲಿನಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1970ರ ಸೆಪ್ಟೆಂಬರ್ 6ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಇಸ್ರೇಲಿನ ಎಲ್ ಆಲ್ ವಿಮಾನದ ಅಪಹರಣ ವಿಫಲವಾದುದರಲ್ಲಿ, ಪೈಲಟ್ ವಿಮಾನವನ್ನು ಥಟ್ಟನೆ ಕೆಳಮುಖವಾಗಿ ಇಳಿಸಿದ ಚಾತುರ್ಯದ ಜೊತೆಗೆ ಕಾವಲುಗಾರರ ಪಾತ್ರವೂ ಇತ್ತು. ಆದರೆ ಅಂದು ಅಪಹರಣಕ್ಕೆ ಬಂದವರು ನಾಲ್ವರು, ಅವರಲ್ಲಿ ಇಬ್ಬರನ್ನು ಎಲ್ ಆಲ್ ಸಿಬ್ಬಂದಿ ವಿಮಾನ ಹತ್ತಲು ಬಿಡಲೇ ಇಲ್ಲ. ಕಾವಲುಗಾರರ ಕೆಲಸ ಅರ್ಧದಷ್ಟು ಹಗುರವಾದದ್ದು ನೆಲದ ಮೇಲಿನ ಆ ತಡೆಯಿಂದ. ತಡೆಯಲ್ಪಟ್ಟ ಅದೇ ಇಬ್ಬರು ಪ್ಯಾನ್ ಆಮ್ ವಿಮಾನ ಹತ್ತಿ ಅದನ್ನು ಅಪಹರಿಸಿದರು. ಆ ವಿಮಾನವನ್ನು ಕೊನೆಗೆ ಕೈರೋದಲ್ಲಿ ಸ್ಫೋಟಿಸಲಾಯಿತು.

ನಮ್ಮ ಭಾಗದವರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಏರ್ ಇಂಡಿಯಾದ ‘ಕನಿಷ್ಕ’ ದುರಂತ. 1985ರ ಜೂನ್ 23ರಂದು ಐರ್ಲೆಂಡ್ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡ ಆ ವಿಮಾನದಲ್ಲಿ 329 ಮಂದಿ ಮಡಿದರು. ಅವರಲ್ಲಿ 80ಕ್ಕೂ ಹೆಚ್ಚು ಮಕ್ಕಳಿದ್ದರು. ಬಾಂಬ್ ಇದ್ದ ಸೂಟ್‌ಕೇಸ್ ಪ್ರಯಾಣ ಆರಂಭಿಸಿದ್ದು ಏರ್ ಇಂಡಿಯಾ ವಿಮಾನದಲ್ಲಲ್ಲ, ವ್ಯಾಂಕೂವರ್‌ನಿಂದ ಟೊರಾಂಟೊಗೆ ಹೋಗುವ ಬೇರೊಂದು ಸಂಸ್ಥೆಯ ದೇಶೀಯ ವಿಮಾನದಲ್ಲಿ. ಮುಂದಿನ ಟಿಕೆಟ್ ಖಚಿತವಾಗದ ಕಾರಣ ಲಗೇಜನ್ನು ನೇರವಾಗಿ ಕಳುಹಿಸಲಾಗದು ಎಂದು ಕೌಂಟರಿನಲ್ಲಿದ್ದ ಸಿಬ್ಬಂದಿ ಮೊದಲು ಹೇಳಿದರೂ, ಸಾಲು ಬೆಳೆಯುತ್ತಿದ್ದಾಗ ಆ ವ್ಯಕ್ತಿಯ ಹಟಕ್ಕೆ ಮಣಿದರು. ಅವನು ವಿಮಾನ ಹತ್ತಲಿಲ್ಲ, ಅವನ ಸೂಟ್‌ಕೇಸ್ ಹೋಯಿತು. ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟು, ಕೈಯಲ್ಲಿ ಹಿಡಿಯುವ ಉಪಕರಣದಿಂದಲೇ ಉಳಿದ ಚೀಲಗಳನ್ನು ಪರೀಕ್ಷಿಸಲಾಯಿತು. ಆ ವಿಮಾನದ ಪ್ರತಿಯೊಂದು ಸಾಲಿನಲ್ಲೂ ಒಬ್ಬ ಕಮಾಂಡೊ ಕುಳಿತಿದ್ದರೂ ಅವರೂ ಉಳಿದವರೊಂದಿಗೆ ಸಾಯುತ್ತಿದ್ದರೇ ಹೊರತು ಒಂದು ಜೀವವನ್ನೂ ಉಳಿಸಲಾಗುತ್ತಿರಲಿಲ್ಲ.

ಈ ಘಟನೆಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವಾಗಲಿ, 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿ ನಿಲ್ದಾಣವಾಗಲಿ, ಮುಂದೆ ರಾಯಚೂರು, ಕೊಪ್ಪಳಗಳಲ್ಲಿ ಬರಬೇಕೆಂದು ನಾವು ಬಯಸುವ ನಿಲ್ದಾಣಗಳಾಗಲಿ, ದೊಡ್ಡ ನಗರಗಳ ವಿಮಾನಗಳಿಗೆ ಪ್ರಯಾಣಿಕರನ್ನೂ ಸಾಮಾನನ್ನೂ ತಲುಪಿಸುವ ಕವಲುಗಳು. ಕವಲಿನಲ್ಲಿ ತಪಾಸಣೆ ಸಡಿಲವಾದರೆ ಅದರ ಫಲವನ್ನು ಬೆಂಗಳೂರು ಅಥವಾ ಹೈದರಾಬಾದಿನಿಂದ ಹಾರುವ ದೊಡ್ಡ ವಿಮಾನದವರು ಉಣ್ಣಬೇಕಾಗುತ್ತದೆ. ನಮ್ಮ ಕಡೆಗೆ ಬರುವ ಎಪ್ಪತ್ತು ಆಸನಗಳ ಆಸುಪಾಸಿನ ಎಟಿಆರ್ ವಿಮಾನದಲ್ಲಿ ಇಬ್ಬರು ಕಾವಲುಗಾರರನ್ನು ಕೂರಿಸುವ ಖರ್ಚಿನಲ್ಲಿ, ನಿಲ್ದಾಣದಲ್ಲಿ ನುರಿತ ತಪಾಸಣಾ ಸಿಬ್ಬಂದಿಯನ್ನು ನೇಮಿಸಿದರೆ ಆ ದಿನ ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೂ ರಕ್ಷಣೆ ದೊರೆಯುತ್ತದೆ.

ಪ್ರಯಾಣಿಕರ ನಡುವೆ ಬಂದೂಕು ಇರುವುದರ ಅಪಾಯವೂ ಸಣ್ಣದಲ್ಲ. 2005ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿಯಲ್ಲಿ, ಬಾಂಬ್ ಇದೆಯೆಂದು ಹೇಳಿದನೆನ್ನಲಾದ, ವಿಮಾನದಿಂದ ಹೊರಗೋಡಿದ ಪ್ರಯಾಣಿಕನೊಬ್ಬನನ್ನು ಮಾರ್ಷಲ್‌ಗಳು ಗುಂಡಿಕ್ಕಿ ಕೊಂದರು. ಅವನು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದನೆಂದು ಪತ್ನಿ ಹೇಳಿದ್ದರು. ಬಾಂಬ್ ಸಿಗಲಿಲ್ಲ. ಇನ್ನೊಂದು ಕಡೆ, 2001ರಲ್ಲಿ ಶೂನಲ್ಲಿ ಸ್ಫೋಟಕ ಅಡಗಿಸಿಕೊಂಡು ಬಂದವನನ್ನು ಹಿಡಿದು ಕಟ್ಟಿದವರು ಗಗನಸಖಿಯರು ಮತ್ತು ಸಹಪ್ರಯಾಣಿಕರು. ಕಾಕ್‌ಪಿಟ್ ಬಾಗಿಲನ್ನು ಬಲಪಡಿಸುವ ಅಂತರರಾಷ್ಟ್ರೀಯ ನಿಯಮ 2003ರಲ್ಲಿ ಜಾರಿಗೆ ಬಂದ ಮೇಲಂತೂ, ಒಳಗಿನ ಕಾವಲುಗಾರ ತಡೆಯಬೇಕಿದ್ದ ಮುಖ್ಯ ಅಪಾಯವೇ ಬಹುಮಟ್ಟಿಗೆ ತಗ್ಗಿದೆ.

ಆದ್ದರಿಂದ ನಿಖರ ಮಾಹಿತಿಯ ಆಧಾರದ ಮೇಲೆ, ಗುಟ್ಟಾಗಿ, ಆಯ್ದ ಮಾರ್ಗಗಳಲ್ಲಿ ಮಾತ್ರ ಮಾರ್ಷಲ್‌ಗಳು ಇರಲಿ. ಕಲ್ಯಾಣ ಕರ್ನಾಟಕದ ಸಂಸದರು ಮತ್ತು ಶಾಸಕರು ವಿಮಾನ ನಿಲ್ದಾಣದ ಮಾತೆತ್ತಿದಾಗಲೆಲ್ಲ ರನ್‌ವೇ ಉದ್ದದ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ಲಿಖಿತವಾಗಿ ಕೇಳಬೇಕು: ಒಂದು ಎಕ್ಸ್‌ರೇ ಯಂತ್ರ ಕೆಟ್ಟರೆ ಬಳಸಲು ಮತ್ತೊಂದು ಇದೆಯೇ, ವಿಮಾನ ಹತ್ತದವರ ಲಗೇಜನ್ನು ಇಳಿಸಿಯೇ ವಿಮಾನ ಹೊರಡುತ್ತದೆಯೇ, ಸಾಲು ಎಷ್ಟೇ ಉದ್ದವಿದ್ದರೂ ಆಗದು ಎನ್ನುವ ಕೌಂಟರ್ ಸಿಬ್ಬಂದಿಯ ಬೆಂಬಲಕ್ಕೆ ಮೇಲಧಿಕಾರಿಗಳು ನಿಲ್ಲುತ್ತಾರೆಯೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ರಾಯಚೂರು