14 ಪ್ಯಾನೆಲ್ ಒಡೆಸಿದವರಿಗೆ

ಕಳೆದ ವಾರ ನಮ್ಮ ವಿತರಣಾ ಕಾಲುವೆಯ ಕಟ್ಟಕಡೆಯ ತೂಬಿನ ಕೆಳಗೆ ಭತ್ತದ ಕಟಾವು ಮುಗಿಯಿತು. ಕಟಾವು ಯಂತ್ರ ಹೊಲ ಬಿಟ್ಟು ರಸ್ತೆಗೆ ಬಂದ ದಿನವೇ ಅಲ್ಲಿನ ರೈತರೊಬ್ಬರು ಬೈಕಿನ ಮೇಲೆ ಒಂದು ಚೀಲ ಭತ್ತ ಹೇರಿಕೊಂಡು ಬಂದು ನಮ್ಮ ಬಾಡಿಗೆ ಕಚೇರಿಯ ಬಾಗಿಲಲ್ಲಿ ಇಳಿಸಿದರು. "ನಿಮ್ಮ ಪಾಲು, ಸಾಹೇಬರೇ" ಎಂದರು. ಚಹಾಕ್ಕೂ ನಿಲ್ಲದೆ ಹೋದರು. ಆ ಚೀಲ ನನ್ನ ಪಾಲಿನದಲ್ಲ. ಯಾರ ಪಾಲಿನದು ಎಂದು ಹೇಳಲು ಕುಳಿತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ಜಿಲ್ಲೆಯವರೆಗೆ 227 ಕಿಲೋಮೀಟರ್ ಹರಿಯುತ್ತದೆ. ಜೋಳ, ಹತ್ತಿಯಂತಹ ಬೆಳೆಗಳಿಗೆ ಮಿತವಾಗಿ ನೀರು ಹಂಚಲೆಂದು ಯೋಜಿಸಿದ ಕಾಲುವೆ ಇದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಯಲ್ಲಿ ಕೂರುವುದು ವಾಡಿಕೆಯಾಯಿತು. ಆ ಕೊನೆ ಭಾಗದಲ್ಲೂ ನೀರು ಸಿಕ್ಕಿದ ವರ್ಷ ಭತ್ತವನ್ನೇ ಹಚ್ಚುತ್ತಾರೆ ಎನ್ನುವುದು ಬೇರೆ ಮಾತು. ಬಾಗಿಲಲ್ಲಿ ಇಳಿಸಿದ ಚೀಲವೇ ಸಾಕ್ಷಿ. ಈ ಕಾಲುವೆಯಿಂದ ಕವಲೊಡೆಯುವ ಒಂದು ವಿತರಣಾ ಕಾಲುವೆಯ ಆರು ಕಿಲೋಮೀಟರ್ ಉದ್ದದ ಲೈನಿಂಗ್, ಅಂದರೆ ಒಳಮೈಯ ಹೊದಿಕೆ, ಒಡೆದು, ನೀರು ದಾರಿಯಲ್ಲೇ ಇಂಗಿ ಹೋಗುತ್ತಿತ್ತು. ಹಳೆಯದನ್ನು ಕಿತ್ತು ಹೊಸ ಕಾಂಕ್ರೀಟ್ ಹಾಕುವ ಗುತ್ತಿಗೆ ನಮ್ಮ ಸಂಸ್ಥೆಗೆ ಬಂತು, ಪ್ರಾಜೆಕ್ಟ್ ಮ್ಯಾನೇಜರ್ ಕುರ್ಚಿ ನನಗೆ ಬಂತು.

2023ರ ಬರದಿಂದಾಗಿ ಎರಡನೇ ಬೆಳೆಗೆ ನೀರು ಇರಲಿಲ್ಲ. ಕಾಲುವೆ ಬೇಗ ಒಣಗಿತ್ತು. ರೈತರಿಗೆ ಕಣ್ಣೀರು ತರಿಸಿದ ಆ ಬರ ನಮಗೆ ಕೆಲಸದ ದಿನಗಳನ್ನು ಕೊಟ್ಟಿತು. ಹೇಳಿಕೊಳ್ಳಲು ಸಂಕೋಚವಾದರೂ ಸತ್ಯ ಅದೇ. ಒಪ್ಪಂದದ ಕಾಗದದಲ್ಲಿ ಯಾವ ದಿನಾಂಕವೇ ಇರಲಿ, ಕಾಲುವೆ ಕೆಲಸಕ್ಕೆ ಗಡುವು ಹಾಕುವುದು ನೀರು. ಮಲೆನಾಡಿನಲ್ಲಿ ಮಳೆ ಹಿಡಿದು ಜಲಾಶಯಕ್ಕೆ ಒಳಹರಿವು ಏರಿತೆಂದರೆ ತೂಬು ಎತ್ತುತ್ತಾರೆ. ಅಷ್ಟರಲ್ಲಿ ಮುಗಿದಿರಬೇಕು.

ಈ ಅವಸರದಲ್ಲಿ ನಾನು ಎಡವಿದೆ.

ಮೇ ತಿಂಗಳ ಒಂದು ಮಧ್ಯಾಹ್ನ. ನಮ್ಮ ಥರ್ಮಾಮೀಟರ್ ನೆರಳಿನಲ್ಲಿ 42 ಡಿಗ್ರಿ ತೋರಿಸುತ್ತಿತ್ತು. ವಾರದ ಗುರಿಗೆ 14 ಪ್ಯಾನೆಲ್ ಬಾಕಿ ಇತ್ತು; ಪ್ಯಾನೆಲ್ ಎಂದರೆ ಲೈನಿಂಗಿನ ಒಂದೊಂದು ಕಾಂಕ್ರೀಟ್ ಅಂಕಣ. ಊಟ ಮುಗಿಯುತ್ತಲೇ ಮಿಕ್ಸರ್ ಚಾಲೂ ಮಾಡಿರಿ ಎಂದೆ. ಮೇಸ್ತ್ರಿ ಅಜ್ಜ ಕರಣೆಯನ್ನು ಕೈಯಲ್ಲೇ ಹಿಡಿದು ನಿಂತರು. ಏನನ್ನೂ ವಾದಿಸಲಿಲ್ಲ. ಬಗ್ಗಿ ಅಂಗೈಯನ್ನು ಕಾಲುವೆಯ ಇಳಿಜಾರಿನ ಮಣ್ಣಿಗೆ ಒತ್ತಿ ಹಿಡಿದು, ತಟ್ಟನೆ ಹಿಂದಕ್ಕೆ ಎಳೆದುಕೊಂಡರು. "ರೊಟ್ಟಿ ಸುಡುವ ಹಂಚಾಗಿದೆ, ಸಾಹೇಬರೇ. ಸಂಜೆ ಹಾಕೋಣ" ಎಂದರು. ನಾನು ಗಡಿಯಾರ ನೋಡಿದೆ. "ಸಂಜೆಯದು ಸಂಜೆಗಿದೆ, ಈಗಿನದು ಈಗ ಆಗಲಿ" ಎಂದೆ. ಮಾತು ಚೆನ್ನಾಗಿದೆ ಎಂದು ಆಗ ಅನ್ನಿಸಿತ್ತು.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ, ಕೆರೆಯ ತಳ ಒಣಗಿದಾಗ ಬಿಡುವಂತಹ ಬಿರುಕು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹರಿದಿತ್ತು. ಬಿಸಿಲು ಮತ್ತು ಗಾಳಿ ಸೇರಿ ಮೇಲ್ಮೈಯ ನೀರನ್ನು ಹೀರುವ ವೇಗಕ್ಕೆ ಒಳಗಿನ ನೀರು ಮೇಲೆ ಬಂದು ಸರಿದೂಗಿಸಲಾಗದಿದ್ದರೆ, ಇನ್ನೂ ಹಸಿಯಾಗಿರುವ ಕಾಂಕ್ರೀಟ್ ಮೇಲಿನಿಂದ ಕುಗ್ಗಿ ಸೀಳುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಅಜ್ಜ ಅಂಗೈಯಲ್ಲಿ ಓದಿದ್ದರು.

ಬಿರುಕಿಗಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ನಮ್ಮ ಸೈಟ್ ಎಂಜಿನಿಯರ್, ಓದು ಮುಗಿಸಿ ಎರಡೇ ವರ್ಷವಾದ ಹುಡುಗಿ, ರಾತ್ರಿ ಹತ್ತಕ್ಕೇ ಬಿರುಕು ನೋಡಿದ್ದಳು. ಸೀಮೆಸುಣ್ಣದಿಂದ ಪ್ರತಿ ಬಿರುಕಿನ ತುದಿಗೆ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆದಿದ್ದಳು. ನನಗೆ ಫೋನ್ ಮಾಡಿರಲಿಲ್ಲ. ಏಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಜಲ್ಲಿ ಬರಲಿಲ್ಲ ಎಂದು ಫೋನ್ ಮಾಡಿದಾಗ ಎಲ್ಲರ ಮುಂದೆ ಬೈದಿರಿ, ಸರ್. ಹೇಗಿದ್ದರೂ ಬೆಳಗ್ಗೆ ನೀವೇ ನೋಡುತ್ತೀರಿ ಎಂದುಕೊಂಡೆ" ಎಂದಳು.

ಜಲ್ಲಿ ಬರದಿದ್ದಕ್ಕೆ ಅವಳು ಕಾರಣಳಲ್ಲ. ಸುದ್ದಿ ತಂದವಳು ಅವಳಾದ್ದರಿಂದ ಬೈಗುಳ ಅವಳಿಗೆ ಬಿದ್ದಿತ್ತು. ಅಂದಿನಿಂದ ಕ್ಯಾಂಪಿನಲ್ಲಿ ಯಾರೂ ನನಗೆ ಬೇಡದ ಸುದ್ದಿ ತರುತ್ತಿರಲಿಲ್ಲ. ಎಲ್ಲವೂ ಸುಸೂತ್ರವಾಗಿದೆ ಎಂದು ನಾನು ನಂಬಿದ್ದ ಆ ಒಂದು ತಿಂಗಳಲ್ಲಿ ಏನೇನು ನಡೆದಿತ್ತೋ!

14 ಪ್ಯಾನೆಲ್‌ಗಳನ್ನೂ ಒಡೆಸಿದೆವು. ಬಿರುಕಿಗೆ ಸಿಮೆಂಟ್ ಹಾಲು ಬಳಿದು ಮುಚ್ಚಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಒಡೆಸಲೇಬೇಕು ಎಂದು ಹಟ ಹಿಡಿದವರು ಇಬ್ಬರೇ, ಆ ಹುಡುಗಿ ಮತ್ತು ಮೇಸ್ತ್ರಿ ಅಜ್ಜ. ನನ್ನ ಮೊದಲ ವಂದನೆ ಈ ಇಬ್ಬರಿಗೆ.

ಅಂದು ಸಂಜೆ ಎಲ್ಲರನ್ನೂ ಸೇರಿಸಿ, ತಪ್ಪು ನನ್ನದು, ಅಜ್ಜ ಬೇಡ ಎಂದಿದ್ದರು ಎಂದು ಹೇಳಿದೆ. ಗಂಟಲು ಒಣಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ; ಒಬ್ಬ ಆಕಳಿಸಿದ. ಆದರೆ ಮರುದಿನದಿಂದ ಕೆಲಸದ ಹೊತ್ತು ಬದಲಾಯಿತು. ನಸುಕಿನ ನಾಲ್ಕಕ್ಕೆ ಮಿಕ್ಸರ್ ಆರಂಭ, ಒಂಬತ್ತಕ್ಕೆ ಬಂದ್. ಮತ್ತೆ ಬಿಸಿಲು ಇಳಿದ ಮೇಲೆ ದೀಪ ಹಾಕಿಕೊಂಡು ಕೆಲಸ. ಒಂಬತ್ತಕ್ಕೆ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಾ ಹದಿನೈದು ನಿಮಿಷ ಮಾತು. ಆ ಮಾತಿಗೆ ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ: "ನನಗೆ ಗೊತ್ತಿಲ್ಲದ್ದು ಏನಿದೆ?" ಮೊದಲ ನಾಲ್ಕು ದಿನ ಎಲ್ಲರೂ ಮಿರ್ಚಿಯನ್ನೇ ನೋಡುತ್ತಾ ಕುಳಿತಿದ್ದರು.

ನನ್ನ ಅಕ್ಕನ ಮಗ ಬಿಡದಿ ಕಡೆ ಕಾರಿನ ಕಾರ್ಖಾನೆಯೊಂದರಲ್ಲಿದ್ದಾನೆ. ಅವನೊಮ್ಮೆ ಹೇಳಿದ್ದ: ಟೊಯೊಟಾ ಕಂಪನಿ ಜಪಾನಿನಲ್ಲಿ ರೂಢಿಗೆ ತಂದ ಪದ್ಧತಿಯಲ್ಲಿ, ಜೋಡಣೆಯ ಸಾಲಿನಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಒಂದು ಹಗ್ಗ ಎಳೆಯಬಹುದು, ಕೂಡಲೇ ಮುಂದಾಳು ಬರುತ್ತಾನೆ, ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ, ಎಳೆದವನನ್ನು ಯಾರೂ ಬೈಯುವುದಿಲ್ಲ. ನಮ್ಮ ಕಾಲುವೆಯಲ್ಲಿ ಹಗ್ಗ ಎಲ್ಲಿ ಕಟ್ಟುವುದು? ಯಾರು ಕೈ ಎತ್ತಿದರೂ ಮಿಕ್ಸರ್ ನಿಲ್ಲಬೇಕು ಎಂದು ಹೇಳಿದೆ. ಯಾರೂ ನಂಬಲಿಲ್ಲ.

ಐದನೆಯ ದಿನ ಕೈ ಎತ್ತಿದವರು ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸಿ ತೇವವಾಗಿಡುವ ಕೆಲಸ, ಮಾಡುತ್ತಿದ್ದ ಅಕ್ಕ. ದೇವದುರ್ಗ ಕಡೆಯವರು. ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋಗಿದ್ದರೂ ಅತ್ತೆಗೆ ಮೈ ಸರಿಯಿಲ್ಲವೆಂದು ಇಲ್ಲೇ ಉಳಿದಿದ್ದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಮೂರು ದಿನದಿಂದ ಮಧ್ಯಾಹ್ನದ ಟ್ಯಾಂಕರ್ ಬಂದಿಲ್ಲ, ಯಪ್ಪಾ. ನೀವು ಬೆಳಗ್ಗೆ ನೋಡುವಾಗ ಕಾಂಕ್ರೀಟ್ ಮೇಲೆ ಹೊದಿಸಿದ ಗೋಣಿ ಒದ್ದೆ ಇರುತ್ತದೆ. ಎರಡು ಗಂಟೆಗೆ ಬಂದು ಮುಟ್ಟಿರಿ" ಎಂದರು. ಹೋಗಿ ಮುಟ್ಟಿದೆ. ಹಪ್ಪಳದಂತೆ ಗರಿಗರಿಯಾಗಿತ್ತು. ಒಣ ಬಿಸಿ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ತೇವವಾಗಿ ಇಡಬೇಕೆಂದು ಭಾರತೀಯ ಮಾನಕ ಸಂಹಿತೆಯೇ ಹೇಳುತ್ತದೆ. ನಮ್ಮ ದಾಖಲೆ ಪುಸ್ತಕದಲ್ಲಿ ಮೂರು ದಿನವೂ "ನೀರು ಹಾಕಲಾಗಿದೆ" ಎಂದು ಚಂದದ ಅಕ್ಷರದಲ್ಲಿ ಬರೆದಿತ್ತು.

ಟ್ಯಾಂಕರ್ ಹುಡುಗನನ್ನು ಕರೆಸಿದೆ. ಬೈಯಲು ಬಾಯಿ ತೆರೆದೆ, ಹುಡುಗಿಯ ಸೀಮೆಸುಣ್ಣ ನೆನಪಾಯಿತು, ಮುಚ್ಚಿದೆ. ಕೇಳಿದರೆ, ನೀರು ತುಂಬುವ ಕೊಳವೆಬಾವಿಗೆ ಹಗಲಿನ ಕರೆಂಟ್ ಹೊತ್ತು ಬದಲಾಗಿತ್ತು. ಮಧ್ಯಾಹ್ನ ತುಂಬಲು ಸಾಧ್ಯವೇ ಇರಲಿಲ್ಲ. ಅವನಿಗೂ ಹೇಳಲು ಹೆದರಿಕೆ. ಇನ್ನೊಂದು ಬಾಡಿಗೆ ಟ್ಯಾಂಕರ್ ತಂದೆವು, ಅರ್ಧ ದಿನದಲ್ಲಿ ಮುಗಿದ ಮಾತು. ಆ ಅಕ್ಕನಿಗೆ ನನ್ನ ವಂದನೆ. ತುಂಬಿದ ಸಭೆಯಲ್ಲಿ, ಗಂಡಸರ ನಡುವೆ, ಮೊದಲು ಕೈ ಎತ್ತುವುದು ಸುಲಭವಲ್ಲ. ಅವರ ನಂತರ ಕೈಗಳು ಏಳತೊಡಗಿದವು. ಕೆಲವು ಕ್ಷುಲ್ಲಕ ಕಾರಣಕ್ಕೂ ಎದ್ದವು. ಒಬ್ಬನಂತೂ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಮಿಕ್ಸರ್ ನಿಲ್ಲಿಸಿದ. ಅದನ್ನೂ ಸಹಿಸಿದೆ.

ಈಗ ಲಸ್ಕರ್ ಕಾಕಾ. ತೂಬು ಕಾಯುವ ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿವೆ, ಆದರೂ ದಿನಾ ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಾರೆ. ನಮ್ಮ ನಕ್ಷೆಯಲ್ಲಿಲ್ಲದ ಒಂದು ವಿಷಯ ಅವರಿಗೆ ಗೊತ್ತಿತ್ತು. ಎರಡನೇ ಕಿಲೋಮೀಟರ್ ದಾಟಿದ ಮೇಲೆ ಒಂದು ಕಡೆ, ಕಾಲುವೆ ತಿಂಗಳುಗಟ್ಟಲೆ ಒಣಗಿದ್ದರೂ ದಂಡೆಯ ಒಳಮೈಯಲ್ಲಿ ಹುಲ್ಲು ಹಸಿರಾಗಿರುತ್ತದೆ. ಹಿಂದೆ ಅಲ್ಲಿ ಹಳ್ಳವಿತ್ತು, ಹೊಲ ಮಾಡುವಾಗ ಮುಚ್ಚಿದರು, ನೀರು ಮಾತ್ರ ತನ್ನ ದಾರಿ ಮರೆತಿಲ್ಲ ಎಂದರು. ಅಲ್ಲಿ ಹಾಗೆಯೇ ಕಾಂಕ್ರೀಟ್ ಹಾಕಿದ್ದರೆ ಕಾಲುವೆ ಖಾಲಿಯಾದಾಗ ಹಿಂದಿನ ನೀರು ಲೈನಿಂಗನ್ನು ಒಳಗೆ ನೂಕುತ್ತಿತ್ತು. ಮೇಲಾಗಿ ಅಲ್ಲಿರುವುದು ಎರೆಮಣ್ಣು. ತೇವ ಕುಡಿದರೆ ಊದುತ್ತದೆ, ಒಣಗಿದರೆ ಕುಗ್ಗುತ್ತದೆ. ಎರೆಮಣ್ಣು ಅಗೆದು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಹಿಂದಿನ ನೀರು ಬಸಿದು ಹೋಗಲು ದಾರಿ ಬಿಟ್ಟು, ಆಮೇಲೆ ಕಾಂಕ್ರೀಟ್ ಹಾಕಿದೆವು. ಒಂಬತ್ತು ದಿನ ಹೋಯಿತು. ಆ ಒಂಬತ್ತು ದಿನವನ್ನು ಮೇಲಿನವರಿಗೆ ವಿವರಿಸಿ ಒಪ್ಪಿಸುವ ಪಾಡು ನನ್ನದಾಯಿತು. ಕಾಕಾ ಒಂದು ಪೈಸೆ ಕೇಳಲಿಲ್ಲ. ಒಂದು ಜೊತೆ ಚಪ್ಪಲಿ ಕೊಡಿಸಲು ಹೋದರೆ, ಬೇಡ, ಬರಿಗಾಲಿಗೆ ತೇವ ತಿಳಿಯುತ್ತದೆ ಎಂದರು.

ನೀರು ಬಂದ ಮೇಲೆ, 2024ರ ಆಗಸ್ಟ್ 10ರ ರಾತ್ರಿ, ಜಲಾಶಯದ 33 ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋದಾಗ ನಮ್ಮ ಎದೆಯೂ ಒಡೆದಿತ್ತು. ಹಚ್ಚಿದ ಭತ್ತ ಏನಾದೀತು ಎಂದು ಊರೂರಲ್ಲಿ ಅದೇ ಮಾತು. ಗೇಟ್‌ಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ, ಒಂದು ವಾರದಲ್ಲಿ ಅಲ್ಲಿ ನೀರು ತಡೆದರು. ಟಿ.ವಿ.ಯಲ್ಲಿ ಅದನ್ನು ನೋಡುತ್ತಾ ನನಗೆ ನಮ್ಮ ಕಾಕಾ ನೆನಪಾದರು. ಹೋಲಿಕೆ ದೊಡ್ಡದಾಯಿತು ಎಂದು ನಗಬೇಡಿ. ಸೆಪ್ಟೆಂಬರ್‌ನಲ್ಲಿ ಜಲಾಶಯ ಮತ್ತೆ ತುಂಬಿದ್ದರಿಂದ ಈ ಭತ್ತ ಮನೆ ಸೇರಿತು, ಆದ್ದರಿಂದ ಆ ಹರಿವಿನ ಮೇಲೆ ನಿಂತು ದುಡಿದ ಕೈಗಳಿಗೂ ಇಲ್ಲೇ ಒಂದು ನಮಸ್ಕಾರ.

ಬಟವಾಡೆಯ ವಿಷಯವನ್ನೂ ಬರೆದುಬಿಡುತ್ತೇನೆ. ಜೂನ್‌ನಲ್ಲಿ ಒಂದು ಶನಿವಾರ ಹಣ ಬರುವುದಿಲ್ಲ ಎಂದು ಗುರುವಾರವೇ ನನಗೆ ತಿಳಿಯಿತು. ಮೊದಲಿನ ನಾನಾಗಿದ್ದರೆ ಶನಿವಾರ ಸಂಜೆಯವರೆಗೆ ಕಾಯುತ್ತಿದ್ದೆ, ಅಷ್ಟರಲ್ಲಿ ಏನಾದರೂ ಆದೀತು ಎಂದು. ಆದರೆ ಬೇಡದ ಸುದ್ದಿ ಹೇಳಿರಿ ಎಂದು ಎಲ್ಲರ ಬೆನ್ನು ಹತ್ತಿದವನು ನನ್ನ ಕೈಯಲ್ಲಿರುವುದನ್ನು ಬಚ್ಚಿಡುವುದು ಹೇಗೆ? ಶುಕ್ರವಾರ ಮಿರ್ಚಿಯ ಹೊತ್ತಿಗೆ ಹೇಳಿದೆ. ಗೊಣಗಾಟ ಆಯಿತು, ಇಬ್ಬರು ಕೆಲಸ ಬಿಟ್ಟು ಹೋದರು, ಅವರನ್ನು ದೂರುವುದಿಲ್ಲ. ಉಳಿದವರು ಒಂದು ದಿನ ಮುಂಚೆ ತಿಳಿದದ್ದರಿಂದ ಅಂಗಡಿಯಲ್ಲಿ ಉದ್ದರಿ ಹೇಳಿಕೊಂಡರು. ಅಂಗಡಿಯ ಅವ್ವ ನಾಲ್ಕು ದಿನ ಜೋಳದ ಹಿಟ್ಟು, ಎಣ್ಣೆ ಉದ್ದರಿ ಕೊಟ್ಟು, ಬುಧವಾರ ಹಣ ಬಂದಾಗ ಬಡ್ಡಿಯ ಮಾತೇ ಎತ್ತಲಿಲ್ಲ. ಅವ್ವಾ, ನಿಮಗೆ ಕೈ ಮುಗಿದೆ.

ಮನೆಯವಳಿಗೆ ಇಲ್ಲಿ ಧನ್ಯವಾದ ಬರೆದರೆ ಅವಳು ನಗುತ್ತಾಳೆ. ಅವಳ ಲೆಕ್ಕ ಬೇರೆ ಇದೆ, ಮನೆಯಲ್ಲೇ ತೀರಿಸುತ್ತೇನೆ.

ನಮ್ಮವರ ಯಾರ ಹೆಸರನ್ನೂ ಹಾಕಿಲ್ಲ. ಮುಂದೆ ಕೆಲಸ ಸಿಗಲು ತೊಂದರೆಯಾದೀತು, ಹೆಸರು ಬೇಡ ಎಂದು ಇಬ್ಬರು ಕೇಳಿಕೊಂಡರು. ಇಬ್ಬರದು ಬಿಟ್ಟು ಉಳಿದವರದು ಹಾಕುವುದು ನನಗೆ ಸರಿ ಕಾಣಲಿಲ್ಲ. ಓದಿದವರಿಗೆ ತಮ್ಮದು ಯಾವುದೆಂದು ಗೊತ್ತಾಗುತ್ತದೆ. ಭತ್ತವನ್ನು ಗಿರಣಿಗೆ ಹಾಕಿಸಿ, ಬಂದ ಅಕ್ಕಿಯನ್ನು ಪಾಲು ಮಾಡಿ ಕಳಿಸಿದ್ದೇನೆ. ದೇವದುರ್ಗದ ಅಕ್ಕನದು ಟೆಂಪೋದಲ್ಲಿ ಹೋಗಿದೆ.

ಮೊನ್ನೆ ರಾತ್ರಿ ಮೇಸ್ತ್ರಿ ಅಜ್ಜ ಫೋನ್ ಮಾಡಿದ್ದರು. ಅಕ್ಕಿ ಮುಟ್ಟಿತು ಎಂದು ಹೇಳಲು ಇರಬೇಕು ಎಂದುಕೊಂಡೆ. "ಮೂರನೇ ತೂಬಿನ ಕೆಳಗೆ ಒಂದು ಜಾಯಿಂಟ್ ಬಾಯಿ ಬಿಟ್ಟ ಹಾಗೆ ಕಾಣುತ್ತದೆ, ಸಾಹೇಬರೇ. ನೀರಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ" ಎಂದರು. ಅಕ್ಕಿಯ ಸುದ್ದಿ ಎತ್ತಲೇ ಇಲ್ಲ. ಕಾಲುವೆ ಬಂದ್ ಆದ ದಿನ ಇಬ್ಬರೂ ಅಲ್ಲಿಗೆ ಹೋಗುವುದೆಂದು ಮಾತಾಗಿದೆ.