ಕುಡಿತ ಬಿಡಿಸುವ ಗುಳಿಗೆ ಜೊತೆ ಒಂದು ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಕುಡಿತ ಬಿಡಲು ನಾಲ್ಟ್ರೆಕ್ಸೋನ್ ಗುಳಿಗೆ ತೆಗೆದುಕೊಳ್ಳುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದಾರೆ. ಗುಳಿಗೆ ಒಳ್ಳೆಯದೇ, ಅದರ ಮೇಲೆ ನನ್ನ ತಕರಾರಿಲ್ಲ. ಅದನ್ನು ಕೊಡುವಾಗ ಹೇಳಬೇಕಾದ ನಾಲ್ಕು ಮಾತು ಯಾರೂ ಹೇಳುವುದಿಲ್ಲ, ತಕರಾರು ಅದು.

ಹೋದ ಮಳೆಗಾಲದಲ್ಲಿ ನಮ್ಮ ಸಂಬಂಧಿಕರೊಬ್ಬರು ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಫೆಂಟನಿಲ್ ಎಂಬ ಬಲವಾದ ನೋವಿನ ಇಂಜೆಕ್ಷನ್ ಕೊಟ್ಟರೂ ನೋವು ಇಳಿಯಲಿಲ್ಲ. ಮನುಷ್ಯ ಮಂಚದ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದರೆ, ಡ್ಯೂಟಿಯಲ್ಲಿದ್ದವರೊಬ್ಬರು "ಕುಡುಕರದ್ದು ಇದೇ ನಾಟಕ" ಅಂದರು. ಕೊನೆಗೆ ಅವರ ಹೆಂಡತಿ ಚೀಲದಿಂದ ಅವರು ನುಂಗುತ್ತಿದ್ದ ನಾಲ್ಟ್ರೆಕ್ಸೋನ್ ಸ್ಟ್ರಿಪ್ ತೆಗೆದು ತೋರಿಸಿದ ಮೇಲೆ ಅರಿವಳಿಕೆ ಡಾಕ್ಟರ್ ಬಂದು, ಕಾಲಿನ ನರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವು ನಿಲ್ಲಿಸಿದರು.

ಮಾರ್ಫಿನ್, ಫೆಂಟನಿಲ್, ಕೋಡೀನ್ ಇವೆಲ್ಲ ಅಫೀಮಿನ ಜಾತಿಯ ಔಷಧಗಳು, ಮಿದುಳಿನಲ್ಲಿ ಹೋಗಿ ಕೂರುವ ಜಾಗ ಒಂದೇ. ನಾಲ್ಟ್ರೆಕ್ಸೋನ್ ಆ ಜಾಗವನ್ನು ಮೊದಲೇ ಹಿಡಿದಿರುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. 50 ಮಿಲಿಗ್ರಾಂ ಗುಳಿಗೆ ಒಂದು ದಿನವಾದರೂ ಸೀಟು ಬಿಡುವುದಿಲ್ಲ. ಅದಕ್ಕೇ ಮೊದಲೇ ಗೊತ್ತಿರುವ ಆಪರೇಷನ್ ಇದ್ದರೆ ಸುಮಾರು 72 ತಾಸು ಮುಂಚೆ ಇದನ್ನು ನಿಲ್ಲಿಸಲು ಹೇಳುತ್ತಾರೆ. ಅದೂ ಡಾಕ್ಟರನ್ನು ಕೇಳಿಯೇ, ಸುಮ್ನೆ ನಾವೇ ಬಿಡುವುದಲ್ಲ. ನೋವು ಇಳಿಯಲಿಲ್ಲ ಅಂತ ಮನೆಯಲ್ಲೇ ಇಂಥ ನೋವಿನ ಔಷಧದ ಜಾಸ್ತಿ ಡೋಸ್ ನುಂಗುವುದಂತೂ ಬೇಡವೇ ಬೇಡ, ಉಸಿರೇ ನಿಲ್ಲಬಹುದು.

ಇದಕ್ಕಿಂತ ನನಗೆ ಜಾಸ್ತಿ ಹೆದರಿಕೆ ಆಗುವುದು ಇನ್ನೊಂದು ನಂಬಿಕೆಯಿಂದ. "ಈ ಗುಳಿಗೆ ನುಂಗಿದರೆ ಯಾವುದೂ ಏರುವುದಿಲ್ಲ" ಅಂತ ಕೆಲವರು ಹೇಳುತ್ತಾರೆ. ಶುದ್ಧ ಸುಳ್ಳು. ಆಲ್‌ಪ್ರಜೋಲಮ್, ಡಯಾಜೆಪಾಮ್‌ನಂಥ ನಿದ್ದೆ ಗುಳಿಗೆಗಳ ದಾರಿಯೇ ಬೇರೆ, ನಾಲ್ಟ್ರೆಕ್ಸೋನ್ ಅವನ್ನು ತಡೆಯುವುದಿಲ್ಲ. ಸಾರಾಯಿಯದ್ದೂ ಅಷ್ಟೇ, ಕುಡಿಯಬೇಕೆನ್ನುವ ಚಪಲ ಮತ್ತು ಕುಡಿದಾಗಿನ ಖುಷಿ ಕಡಿಮೆಯಾಗಬಹುದೇ ಹೊರತು ಕಾಲು ತೂರಾಡುವುದು ತಪ್ಪುವುದಿಲ್ಲ. (ಕುಡಿದರೆ ವಾಂತಿ ಮಾಡಿಸುವ ಗುಳಿಗೆ ಡೈಸಲ್ಫಿರಾಮ್, ಅದು ಬೇರೆ. ಅದನ್ನು ಊಟದಲ್ಲಿ ಕದ್ದು ಹಾಕುವವರೂ ಇದ್ದಾರೆ, ಜೀವಕ್ಕೇ ಅಪಾಯ.) ಕುಡಿದು ಮೇಲೊಂದು ನಿದ್ದೆ ಗುಳಿಗೆ ನುಂಗಿದವರನ್ನು ನಾಲ್ಟ್ರೆಕ್ಸೋನ್ ಕಾಪಾಡುವುದಿಲ್ಲ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನವರು ಜೇಬಿನಲ್ಲಿ ಹಿಡಿಯುವಷ್ಟು ಒಂದು ಕನ್ನಡ ಕಾರ್ಡಿನ ಮಾದರಿ ಮಾಡಿಕೊಟ್ಟರೆ ಗದಗ, ಹಾವೇರಿಯ ಆಸ್ಪತ್ರೆಗಳೂ ಅದನ್ನೇ ಕೊಡಬಹುದು. ಔಷಧದ ಹೆಸರು, ಕೊನೆಯ ಗುಳಿಗೆ ನುಂಗಿದ ದಿನ, ಮನೆಯವರ ಫೋನ್ ನಂಬರ್, ಇಷ್ಟಿದ್ದರೆ ಸಾಕು. ಮೆಡಿಕಲ್ ಶಾಪಿನವರೂ ಕೋಡೀನ್ ಇರುವ ಕೆಮ್ಮಿನ ಔಷಧ ಕೊಡುವ ಮೊದಲು ಒಂದು ಮಾತು ಕೇಳಲಿ. ಆದರೆ ಕ್ಯೂನಲ್ಲಿ ಹತ್ತು ಜನರ ಎದುರು "ಕುಡಿತ ಬಿಡಿಸೋ ಗುಳಿಗೆ ತಗೋತೀರೇನ್ರಿ?" ಅಂತ ಕೂಗಿ ಕೇಳಿದರೆ ಯಾರು ಹೌದು ಅಂತಾರೆ, ಹೇಳಿ?

– ಓದುಗ, ವಿದ್ಯಾನಗರ, ಹುಬ್ಬಳ್ಳಿ